ತಾರಸಿಯಲ್ಲಿ ಮೊದಲ ಸಲ ಟೊಮೇಟೊ, ಮೆಣಸಿನಕಾಯಿ: ನಾಟಿ ಬೀಜವಾ, ಹೈಬ್ರಿಡ್ಡಾ? ಮಣ್ಣು ಯಾವುದು?

ಮೂರನೇ ಮಹಡಿ (ಬೆಂಗಳೂರು), ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ವಿಜಯನಗರದಲ್ಲಿ ಬಾಡಿಗೆ ಮನೆ. ನಮ್ಮ ತಲೆಯ ಮೇಲೇ ತಾರಸಿ. ಬೆಳಿಗ್ಗೆ ಎಂಟರಿಂದ ಮೂರೂವರೆವರೆಗೆ ಒಳ್ಳೆ ಬಿಸಿಲು, ಆಮೇಲೆ ಪಕ್ಕದ ಬಿಲ್ಡಿಂಗಿನ ನೆರಳು. ಓನರ್ "ನೀರು ಸೋರದಿದ್ದರೆ ಏನು ಬೇಕಾದರೂ ಬೆಳೆದುಕೊಳ್ಳಿ" ಎಂದು ಒಪ್ಪಿದ್ದಾರೆ.

ಜೂನ್‌ನಲ್ಲಿ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಹತ್ತಿರದ ನರ್ಸರಿಯೊಂದರಿಂದ ಆರು ಚೀಲ ಕೆಂಪು ಮಣ್ಣು ತಂದೆ. "ಗೊಬ್ಬರ ಮಿಕ್ಸ್ ಆಗಿದೆ ಸಾರ್, ಹಾಗೇ ತುಂಬಿ" ಎಂದರು. ತುಂಬಿದೆ. ಒಂದು ಪ್ಯಾಕೆಟ್ ಟೊಮೇಟೊ ಬೀಜ ಚೆಲ್ಲಿದೆ. ಹದಿನಾಲ್ಕು ಹುಟ್ಟಿದವು. ಒಂದೇ ವಾರದಲ್ಲಿ ಒಂಬತ್ತು ಸಸಿ ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಮಲಗಿದವು. ಉಳಿದ ಐದು ಗೇಣುದ್ದ ಬೆಳೆದು ಅಲ್ಲೇ ನಿಂತವು. ಹಳದಿ ಎಲೆ, ಹೂವಿಲ್ಲ. ಆಗಸ್ಟ್‌ನಲ್ಲಿ ಚೀಲ ಬೋರಲು ಹಾಕಿದರೆ ಮಣ್ಣು ಅಚ್ಚು ಬೆಲ್ಲದ ಥರ ಇಡಿಯಾಗಿ ಹೊರಬಂತು. ಅಮ್ಮ ನೋಡಿ "ಇದರಲ್ಲಿ ಗೋಡೆ ಕಟ್ಟು, ಟೊಮೇಟೊ ಅಂಗಡಿಯಿಂದ ತರೋಣ" ಎಂದರು.

ಈಗ ಎರಡನೇ ಸಲ. ಹನ್ನೆರಡು ಇಂಚಿನ ಎಂಟು ಗ್ರೋ ಬ್ಯಾಗ್ ಇವೆ. ಕೇಳಬೇಕಿದ್ದದ್ದು ಎರಡು. ಬೀಜ ನಾಟಿಯದು ತಗೊಳ್ಳಲಾ, ಹೈಬ್ರಿಡ್ ತಗೊಳ್ಳಲಾ? ಮಣ್ಣಿಗೆ ಏನು ಮಾಡಲಿ?

ಶಿರಸಿ ಅಕ್ಕ, ಸೆಪ್ಟೆಂಬರ್ 14

ನಾಟಿ. ಇದರಲ್ಲಿ ಯೋಚನೆ ಮಾಡುವುದು ಏನಿದೆ ತಮ್ಮಾ?

ನಮ್ಮ ಮನೆಯಲ್ಲಿ ಬೀಜ ಕೊಂಡದ್ದೇ ಕಮ್ಮಿ. ಅತ್ತೆಯವರು ಮೊಗೆಕಾಯಿ, ಸೌತೆಕಾಯಿ ಬೀಜವನ್ನು ಸಗಣಿಯಲ್ಲಿ ಕಲಸಿ ಅಡುಗೆಮನೆ ಹಿಂದಿನ ಗೋಡೆಗೆ ಬೆರಣಿ ತಟ್ಟಿದ ಹಾಗೆ ತಟ್ಟಿ ಬಿಡುತ್ತಿದ್ದರು. ಮಳೆಗಾಲದ ಹೊತ್ತಿಗೆ ಒಂದು ಚಕ್ಕೆ ಕಿತ್ತು, ನೀರಲ್ಲಿ ನೆನೆಸಿ, ಬಿತ್ತುವುದು. ಅವರೆ, ಅಲಸಂದೆ ಬೀಜಕ್ಕೆ ಒಲೆ ಬೂದಿ. ಹುಳ ಹತ್ತಿರ ಬರುತ್ತಿರಲಿಲ್ಲ. ಹೈಬ್ರಿಡ್ ತಂದರೆ ಪ್ರತಿವರ್ಷ ಪ್ಯಾಕೆಟ್ ಕೊಳ್ಳಬೇಕು. ಇದು ಬೇಸಾಯವೋ, ರೀಚಾರ್ಜೋ?

ಶಿರಸಿಯಲ್ಲಿ ವನಸ್ತ್ರೀ ಅಂತ ಹೆಣ್ಣುಮಕ್ಕಳ ಗುಂಪಿದೆ. ಹಿತ್ತಲಿನ ಬೀಜಗಳನ್ನು ಕಾಪಾಡಿ, ಹಂಚುತ್ತಾರೆ. ನಿಮ್ಮ ಕಡೆ ಸಹಜ ಸಮೃದ್ಧ ಅನ್ನುವ ಸಾವಯವ ರೈತರ ಬಳಗದವರ ಬೀಜ ಸಿಗುತ್ತದೆ. ಅಲ್ಲಿಂದ ಶುರುಮಾಡಿ.

ಸುಮ್ನೆ ಓದುವವ, ಸೆಪ್ಟೆಂಬರ್ 14

ಟೊಮೇಟೊ ಬಂದದ್ದೇ ದಕ್ಷಿಣ ಅಮೆರಿಕದಿಂದ. ಮೆಣಸಿನಕಾಯಿ ತಂದವರು ಪೋರ್ಚುಗೀಸರು. ಯಾರ ನಾಟಿ ಸ್ವಾಮಿ ಇದು?

ಶಿರಸಿ ಅಕ್ಕ, ಸೆಪ್ಟೆಂಬರ್ 14

ನಾನೂ ತೀರ್ಥಹಳ್ಳಿಯಿಂದ ಬಂದವಳು. ಮೂವತ್ತೆರಡು ವರ್ಷವಾಯಿತು, ಈಗ ಶಿರಸಿಯವಳೇ.

ಹಳೇ ಫೀಲ್ಡ್‌ಮ್ಯಾನ್ (ತುಮಕೂರು), ಸೆಪ್ಟೆಂಬರ್ 15

ಅಕ್ಕನವರ ಉತ್ತರ ಚೆನ್ನಾಗಿದೆ, ಆದರೆ ಪ್ರಶ್ನೆಯಲ್ಲೇ ಒಂದು ಗೊಂದಲ ಇದೆ. ಮೊದಲು ಅದನ್ನು ಬಿಡಿಸೋಣ. ಮೂವತ್ತು ವರ್ಷ ಇಲಾಖೆಯ ಕೆಲಸದಲ್ಲಿ ರೈತರ ಹೊಲ ಸುತ್ತಿದವನು ನಾನು. ಇದೇ ಪ್ರಶ್ನೆಯನ್ನು ಸಾವಿರ ಸಲ ಕೇಳಿಸಿಕೊಂಡಿದ್ದೇನೆ.

ಎಲ್ಲರೂ ನಾಟಿ, ಹೈಬ್ರಿಡ್ ಎಂದು ಎರಡೇ ಹೇಳುತ್ತಾರೆ. ನಡುವೆ ಮೂರನೆಯದೊಂದಿದೆ, ಸುಧಾರಿತ ತಳಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ "ಅರ್ಕ" ಹೆಸರಿನ ತರಕಾರಿಗಳಲ್ಲಿ ಬಹಳಷ್ಟು ಇಂಥವು. ಅರ್ಕ ವಿಕಾಸ್ ಟೊಮೇಟೊ, ಅರ್ಕ ಅನಾಮಿಕ ಬೆಂಡೆ, ಅರ್ಕ ಲೋಹಿತ್ ಮೆಣಸಿನಕಾಯಿ. ಇವನ್ನು ಆರಿಸಿ ಆರಿಸಿ ಒಂದು ಗುಣಕ್ಕೆ ನಿಲ್ಲಿಸಿದ್ದಾರೆ. ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದರೆ ಅದೇ ಥರದ ಗಿಡ ಬರುತ್ತದೆ. ಪ್ರತಿವರ್ಷ ಕೊಳ್ಳಬೇಕಿಲ್ಲ.

ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ಅಪ್ಪ ಅಮ್ಮ ತಳಿಗಳನ್ನು ಸೇರಿಸಿ ಪಡೆದ ಮೊದಲ ತಲೆಮಾರು. ಪ್ಯಾಕೆಟ್ ಮೇಲೆ ಎಫ್ 1 ಎಂದು ಬರೆದಿರುತ್ತದೆ. ಆ ತಲೆಮಾರು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಬರುತ್ತದೆ. ಅದರ ಬೀಜ ಎತ್ತಿಟ್ಟು ಹಾಕಿದರೆ ಗಿಡ ಹುಟ್ಟುತ್ತದೆ, ಆದರೆ ಒಂದು ಅಜ್ಜನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ. "ಹೈಬ್ರಿಡ್ ಬೀಜ ಮತ್ತೆ ಮೊಳೆಯೋದಿಲ್ಲ" ಎನ್ನುವುದು ಸುಳ್ಳು. ಹೈಬ್ರಿಡ್ ಅಂದರೆ ಕುಲಾಂತರಿ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ್ದು, ಎನ್ನುವುದೂ ಸುಳ್ಳು. ಕುಲಾಂತರಿಯಾದ ಬಿಟಿ ಬದನೆಯನ್ನು 2010ರಲ್ಲೇ ತಡೆಹಿಡಿದರು. ನಿಮ್ಮ ಅಂಗಡಿಯ ತರಕಾರಿ ಬೀಜದ ಪ್ಯಾಕೆಟ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನಿಮ್ಮ ಬೆಂಗಳೂರು ಮಾರ್ಕೆಟ್ಟಿನ "ನಾಟಿ ಟೊಮೇಟೊ". ಅದು ಹಣ್ಣಿನ ಗುಣದ ಹೆಸರು. ಹುಳಿ ಜಾಸ್ತಿ, ಸಿಪ್ಪೆ ತೆಳು, ರಸ ಜಾಸ್ತಿ, ಸಾರಿಗೆ ಚೆನ್ನ. ಅಂಥ ಹಣ್ಣು ಬಿಡುವ ಹೈಬ್ರಿಡ್ಡೂ ಇದೆ. ಅದಕ್ಕೇ ಮಾರ್ಕೆಟ್ಟಿನ ಹಣ್ಣು ಹಿಂಡಿ ಬೀಜ ಹಾಕಿ "ನಾಟಿ ಹಾಕಿದೆ" ಅಂದುಕೊಳ್ಳಬೇಡಿ. ಬಂದರೆ ಬಂತು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಟೊಮೇಟೊಗೆ ಎಲೆ ಮುಟುರು (ಎಲೆ ಮುದುಡುವ) ರೋಗದ ಕಾಟ ಜಾಸ್ತಿ. ಬಿಳಿ ನೊಣ ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುತ್ತದೆ. ತಾರಸಿಯಾದರೂ ಬಿಡುವುದಿಲ್ಲ. ಅರ್ಕ ರಕ್ಷಕ್ ಎನ್ನುವ ಹೈಬ್ರಿಡ್ ಈ ಮುಟುರು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುತ್ತದೆ. ಮೊದಲ ಸಲ ನಾಲ್ಕು ಬ್ಯಾಗಿಗೆ ಅದನ್ನು ಹಾಕಿ. ಎರಡಕ್ಕೆ ಅಕ್ಕ ಹೇಳಿದ ನಾಟಿ ಹಾಕಿ. ಪಕ್ಕಪಕ್ಕ ಬೆಳೆಯಲಿ, ನೀವೇ ನೋಡಿ. ಆ ರಕ್ಷಕ್ ಒಂದು ಗಿಡಕ್ಕೆ 19 ಕೆಜಿ ಬಿಟ್ಟಿತು ಎಂದು ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಅದು ಹನಿ ನೀರಾವರಿ, ಊರುಗೋಲು, ಲೆಕ್ಕದ ಗೊಬ್ಬರ ಇರುವ ಹೊಲದ ಮಾತು. ಬ್ಯಾಗಿನಲ್ಲಿ ಎರಡು ಮೂರು ಕೆಜಿ ಬಂದರೆ ಅಕ್ಕಪಕ್ಕದವರಿಗೆ ಹಂಚಿ.

ಶಿರಸಿ ಅಕ್ಕ, ಸೆಪ್ಟೆಂಬರ್ 15

ಸಾರ್, ರೋಗದ ಮಾತು ಒಪ್ಪಿದೆ. ಮೂರನೇ ತಳಿಯ ವಿಷಯವೂ ತಿಳಿಯಿತು. ಆದರೆ ರುಚಿ? ಆ ಹೈಬ್ರಿಡ್ ಹಣ್ಣು ಲಾರಿಯಲ್ಲಿ ಒಡೆಯದೆ ಹೋಗಲಿ ಎಂದು ಮಾಡಿದ್ದು. ಇವರಿಗೆ ತಾರಸಿಯಿಂದ ಅಡುಗೆಮನೆಗೆ ಮೂವತ್ತು ಮೆಟ್ಟಿಲು. ಗಟ್ಟಿ ಸಿಪ್ಪೆ ಯಾಕೆ ಬೇಕು?

ಹಳೇ ಫೀಲ್ಡ್‌ಮ್ಯಾನ್, ಸೆಪ್ಟೆಂಬರ್ 15

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಮ್ಮಾ. ನಮ್ಮ ಮನೆಯವರೂ ಇದೇ ಹೇಳುತ್ತಾರೆ.

ಜವಾರಿ ರೊಟ್ಟಿ (ಧಾರವಾಡ), ಸೆಪ್ಟೆಂಬರ್ 16

ನಮ್ಮ ಕಡೆ ನಾಟಿ ಅನ್ನೋದಿಲ್ಲರೀ, ಜವಾರಿ ಅಂತೀವಿ. ಜವಾರಿ ಬದನೀಕಾಯಿ, ಜವಾರಿ ಸೌತಿಕಾಯಿ. ಹೆಸರು ಕೇಳಿದರೇ ಬಾಯಲ್ಲಿ ನೀರು ಬರುತ್ತದೆ.

ಆದರೆ ಹೈಬ್ರಿಡ್ ಬೀಜ ಯಾಕೆ ತುಟ್ಟಿ ಅನ್ನೋದು ನಿಮಗೆ ಗೊತ್ತಿರಲಿ. ರಾಣೆಬೆನ್ನೂರು ಕಡೆ ನೆಟ್ ಹೌಸ್‌ಗಳಲ್ಲಿ ಟೊಮೇಟೊ, ಮೆಣಸಿನಕಾಯಿ ಬೀಜ ಮಾಡುತ್ತಾರೆ. ನಮ್ಮ ಚಿಕ್ಕಮ್ಮ ಹತ್ತು ವರ್ಷ ಈ ಕ್ರಾಸಿಂಗ್ ಕೆಲಸಕ್ಕೆ ಹೋಗಿದ್ದಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತೇ ಹುಡುಕಬೇಕು. ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಭಾಗವನ್ನಷ್ಟೇ ಕಿತ್ತು, ನಡುವಿನ ಕಡ್ಡಿಗೆ ಪೆಟ್ಟಾಗದ ಹಾಗೆ ಬಿಡಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಹೀಗೇ. ದಿನಕ್ಕೆ ನೂರಾರು ಹೂವು. ಸಂಜೆ ಅವರಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಕಣ್ಣು ಅಷ್ಟು ಸೋತಿರುತ್ತಿತ್ತು. ಆ ಪ್ಯಾಕೆಟ್ ಬೀಜದಲ್ಲಿ ಅಂಥ ಕೈಗಳ ಕೆಲಸ ಇದೆ. ರೇಟ್ ನೋಡಿ ಬೈಯುವಾಗ ನೆನಪಿರಲಿ.

ಮೆಣಸಿನಕಾಯಿ ಬಗ್ಗೆ ಇನ್ನೊಂದು ಮಾತು. ಮನೆಯಲ್ಲಿರುವ ಒಣ ಬ್ಯಾಡಗಿ ಮೆಣಸಿನಕಾಯಿ ಒಡೆದು ಬೀಜ ಹಾಕಬಹುದು, ಹುಟ್ಟುತ್ತದೆ. ಆದರೆ ಬ್ಯಾಡಗಿ ಹೆಸರಲ್ಲಿ ಬರುವುದೆಲ್ಲ ಹಳೇ "ಡಬ್ಬಿ", "ಕಡ್ಡಿ" ತಳಿ ಅಲ್ಲ. ಹೈಬ್ರಿಡ್ ಇದ್ದರೆ ಫೀಲ್ಡ್‌ಮ್ಯಾನ್ ಸರ್ ಹೇಳಿದ ಹಾಗೆ ಅಜ್ಜ ಅಜ್ಜಿಯ ಕಥೆ.

ಬೀಜದ ಮಾತು ಸಾಕು. ನಿಮ್ಮ ಗಿಡ ಸತ್ತದ್ದು ಬೀಜದಿಂದ ಅಲ್ಲರೀ. ಅಚ್ಚು ಬೆಲ್ಲ ಆಯಿತು ಅಂದಿರಲ್ಲ, ಅಲ್ಲೇ ಇದೆ ಕಾಯಿಲೆ. ಆ ಮಣ್ಣು ಇನ್ನೂ ಇದ್ದರೆ ಹೀಗೆ ಮಾಡಿ. ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಪುಡಿ ಮಾಡಿ ಹಾಕಿ. ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ ಹಾಕಿ, ಐದು ನಿಮಿಷ ಚೆನ್ನಾಗಿ ಕುಲುಕಿ. ಅಲುಗಾಡದ ಜಾಗದಲ್ಲಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ನುಣುಪು ಧೂಳಿಗೆ ಕೆಲವು ಗಂಟೆ ಬೇಕು. ಜೇಡಿಗೆ ಒಂದು ದಿನ, ಕೆಲವೊಮ್ಮೆ ಎರಡು. ಕಸ ಕಡ್ಡಿ, ಕೊಳೆತ ಎಲೆ ಇದ್ದರೆ ಮೇಲೆ ತೇಲುತ್ತದೆ. ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. ಸ್ಕೇಲ್ ಹಿಡಿದು ಅಳೆದು ಇಲ್ಲಿ ಬರೆಯಿರಿ.

ಮೂರನೇ ಮಹಡಿ, ಸೆಪ್ಟೆಂಬರ್ 19

ಅಣ್ಣಾ, ಮಾಡಿದೆ. ಟಿವಿ ಪಕ್ಕ ಬಾಟಲಿ ಇಟ್ಟು ಎರಡು ದಿನ ಕಾದೆವು. ಮನೆಗೆ ಬಂದವರೆಲ್ಲ "ಏನಿದು ಕಷಾಯ" ಎಂದು ಕೇಳಿದರು.

ಒಟ್ಟು ಒಂಬತ್ತು ಸೆಂಟಿಮೀಟರ್ ಮಣ್ಣು. ತಳದಲ್ಲಿ ಮರಳು ಮೂರೂವರೆ. ಅದರ ಮೇಲೆ ಧೂಳಿನ ಪಟ್ಟಿ ಒಂದೂವರೆ. ಮೇಲೆ ನಾಲ್ಕು ಸೆಂಟಿಮೀಟರ್ ಬೆಣ್ಣೆ ಥರ ಕೆಂಪು ಜೇಡಿ. ನೀರು ಇನ್ನೂ ಕೆಂಪಾಗೇ ಇದೆ. ಮೇಲೆ ತೇಲಿದ್ದು ಒಂದು ಪ್ಲಾಸ್ಟಿಕ್ ಚೂರು, ಬೀಡಿಯ ತುಂಡು. ಗೊಬ್ಬರ ಅನ್ನುವಂಥದ್ದು ಏನೂ ಇಲ್ಲ. ಮಣ್ಣಿನಲ್ಲಿ ಜಲ್ಲಿ ಕಲ್ಲಿನ ಚೂರೂ ಸಿಕ್ಕಿತು.

ಹಳೇ ಫೀಲ್ಡ್‌ಮ್ಯಾನ್, ಸೆಪ್ಟೆಂಬರ್ 19

ಬೀಡಿ ತುಂಡು ನೋಡಿಯೇ ಗೊತ್ತಾಯಿತು. ಅದು ಪಾಯ ತೆಗೆದ ಮಣ್ಣು.

ಊರೊಳಗೆ ಕಟ್ಟಡಕ್ಕೆ ಪಾಯ, ಬೇಸ್‌ಮೆಂಟ್ ತೋಡಿದಾಗ ಹತ್ತು ಹದಿನೈದು ಅಡಿ ಆಳದ ಮಣ್ಣು ಲಾರಿಗಟ್ಟಲೆ ಹೊರಬರುತ್ತದೆ. ನೋಡಲು ಕೆಂಪಗೆ, ನುಣ್ಣಗೆ ಚೆಂದ. ಆದರೆ ಅಷ್ಟು ಆಳದ ಮಣ್ಣು ಬೇರು, ಎರೆಹುಳು, ಕೊಳೆತ ಎಲೆ ಏನನ್ನೂ ಕಂಡಿರುವುದಿಲ್ಲ. ಗಿಡಕ್ಕೆ ಬೇಕಾದದ್ದು ಮೇಲಿನ ಅರ್ಧ ಅಡಿ, ಮುಕ್ಕಾಲು ಅಡಿ ಮಣ್ಣು. ಹೊಲದವನು ಅದನ್ನು ಯಾಕೆ ಮಾರುತ್ತಾನೆ ಹೇಳಿ?

ನಮ್ಮ ಕೆಂಪು ಮಣ್ಣಿನ ಗುಣವೇ ಹಾಗೆ. ಒದ್ದೆ ಇದ್ದಾಗ ಅಂಟು, ಒಣಗಿದರೆ ಕಲ್ಲು. ಸಾರಜನಕವೂ ಕಮ್ಮಿ. ಹೊಲದಲ್ಲಾದರೆ ಎರೆಹುಳು, ನೇಗಿಲು ಸೇರಿ ಸಡಿಲ ಮಾಡುತ್ತವೆ. ಚೀಲದಲ್ಲಿ ಆ ಕೆಲಸ ಮಾಡುವವರು ಯಾರು? ದಿನಾ ನೀರು ಹಾಕಿದಂತೆ ಜೇಡಿ ಇಳಿದು ತಳದಲ್ಲಿ ಗಚ್ಚು ಹಾಕಿದ ಹಾಗೆ ಕೂರುತ್ತದೆ. ತೂತು ಮುಚ್ಚುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ನೀವು ಇನ್ನಷ್ಟು ನೀರು ಹಾಕುತ್ತೀರಿ. ಕೆಳಗೆ ಬೇರು ಉಸಿರು ಕಟ್ಟಿ ಕೂತಿರುತ್ತದೆ. ಬುಡ ಸಣ್ಣಗಾಗಿ ಮಲಗಿದ ಆ ಒಂಬತ್ತು ಸಸಿ ಸತ್ತದ್ದೂ ಇದರಿಂದಲೇ, ಸಸಿ ಕೊಳೆ ರೋಗ. ಒದ್ದೆ ಮಣ್ಣು, ಒತ್ತೊತ್ತಾಗಿ ಚೆಲ್ಲಿದ ಬೀಜ, ಗಾಳಿ ಇಲ್ಲ. ಶಿಲೀಂಧ್ರಕ್ಕೆ ಇನ್ನೇನು ಬೇಕು?

ಮಣ್ಣು ಬಿಸಾಡಬೇಡಿ. ಕಲ್ಲು ಆರಿಸಿ, ಜರಡಿ ಹಿಡಿದು ಒಂದು ಪಾಲು ಅದನ್ನೇ ಬಳಸಿ. ನನ್ನ ಲೆಕ್ಕ ಬಾಂಡ್ಲಿಯಲ್ಲಿ: ಮಣ್ಣು ಮೂರು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಮೂರು. ಮಣ್ಣು ನಿಮ್ಮದರಷ್ಟು ಜೇಡಿಯಾಗಿದ್ದರೆ ಇವುಗಳ ಜೊತೆಗೆ ಒಂದು ಬಾಂಡ್ಲಿ ದಪ್ಪ ಮರಳು. ಒಂದೊಂದು ಬ್ಯಾಗಿಗೆ ಎರಡು ಹಿಡಿ ಬೇವಿನ ಹಿಂಡಿ. ಕಲಸಿ, ಚಪಾತಿ ಹಿಟ್ಟಿಗೆ ಚಿಮುಕಿಸುವಷ್ಟು ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ಹದಿನೈದು ದಿನ ನೆರಳಿನಲ್ಲಿ ಬಿಡಿ. ಆತುರ ಬೇಡ. ಹಿಂಡಿ ಕೊಳೆಯುವಾಗ ಬಿಸಿ ಏಳುತ್ತದೆ. ಆಗ ಸಸಿ ನೆಟ್ಟರೆ ಬೇರು ಬೇಯುತ್ತದೆ.

ಗೊಬ್ಬರ ಕಳಿತಿದೆಯಾ ಇಲ್ಲವಾ ಎಂದು ಮೂಸಿ ನೋಡಿ. ಸಗಣಿ ವಾಸನೆ ಬಂದರೆ ಆಗಿಲ್ಲ. ಮೊದಲ ಮಳೆಯ ವಾಸನೆ ಬರಬೇಕು. ಅನುಮಾನ ಇದ್ದರೆ ಒಂದು ಲೋಟದಲ್ಲಿ ಕಲಸಿದ ಮಣ್ಣು ತುಂಬಿ ಒಂದು ಚಿಟಿಕೆ ಸಾಸಿವೆ ಹಾಕಿ. ಎರಡು ಮೂರು ದಿನಕ್ಕೆ ಹುಟ್ಟುತ್ತದೆ. ಒಂದು ವಾರ ಹಸಿರಾಗಿ ನಿಂತರೆ ಮಣ್ಣು ಸರಿ. ಹುಟ್ಟದಿದ್ದರೆ, ತುದಿ ಸುಟ್ಟರೆ, ಇನ್ನೂ ಹತ್ತು ದಿನ ಕಾಯಿರಿ.

ಕುಡ್ಲದ ಗಾಳಿ (ಮಂಗಳೂರು), ಸೆಪ್ಟೆಂಬರ್ 20

ನಿಮ್ಮ ಕೆಂಪು ಮಣ್ಣಿಗೇ ಹೀಗಾದರೆ ನಮ್ಮಲ್ಲಿಗೆ ಬನ್ನಿ ಮಾರಾಯ್ರೇ. ಇಲ್ಲಿ ಅಡಿ ಅಗೆದರೆ ಮುರಕಲ್ಲು, ಅದೇ ಜಂಬಿಟ್ಟಿಗೆ ಕಲ್ಲು. ಮಳೆಗೆ ಮಣ್ಣಿನ ಸತ್ವವೆಲ್ಲ ತೊಳೆದು ಹೋಗಿ ಹುಳಿ ಮಾತ್ರ ಉಳಿಯುತ್ತದೆ. ಟೊಮೇಟೊ ನೆಟ್ಟರೆ ಬೆಳಿಗ್ಗೆ ಹಸಿರಾಗಿದ್ದ ಗಿಡ ಸಂಜೆಗೆ ಬಾಡಿರುತ್ತದೆ, ಮತ್ತೆ ಏಳುವುದಿಲ್ಲ.

ನಮ್ಮ ಅಜ್ಜಿ ಸುಡುಮಣ್ಣು ಮಾಡುತ್ತಿದ್ದರು. ಒಣ ಸೊಪ್ಪು, ಕಸ, ತೆಂಗಿನ ಗರಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಡುವುದು. ಉರಿಯಬಾರದು, ಎರಡು ಮೂರು ದಿನ ಹೊಗೆಯಾಡಬೇಕು. ಆ ಮಣ್ಣಿಗೆ ಗೊಬ್ಬರ ಸೇರಿಸಿ ಹರಿವೆ, ಬೆಂಡೆ, ಬಸಳೆ ಬುಡಕ್ಕೆ. ಕಳೆ ಬೀಜ ಸಾಯುತ್ತದೆ, ಹುಳಿ ಕಮ್ಮಿಯಾಗುತ್ತದೆ. ತಾರಸಿ ಮೇಲೆ ಮಾಡಲಿಕ್ಕೆ ಹೋಗಬೇಡಿ, ಪಕ್ಕದ ಮನೆಯವರು ಫೈರ್ ಇಂಜಿನ್ ಕರೆಸುತ್ತಾರೆ.

ನಿಜ ಹೇಳಬೇಕೆಂದರೆ ಮೊದಲ ಸಲಕ್ಕೆ ಟೊಮೇಟೊ ಯಾಕೆ? ಒಂದು ಬ್ಯಾಗಿಗೆ ಹರಿವೆ ಹಾಕಿ. ಇಪ್ಪತ್ತೈದು ದಿನಕ್ಕೆ ಪಲ್ಯ. ಮನೆಯ ಕೊತ್ತಂಬರಿ ಬೀಜ, ಮೆಂತ್ಯದಲ್ಲೇ ಶುರು ಮಾಡಬಹುದು. ಕೊತ್ತಂಬರಿಯನ್ನು ಚಪ್ಪಲಿಯ ಕೆಳಗೆ ಹಾಕಿ ಮೆಲ್ಲ ಉಜ್ಜಿ ಎರಡು ಹೋಳು ಮಾಡಬೇಕು, ಅಷ್ಟೆ.

ಮೂರನೇ ಮಹಡಿ, ಸೆಪ್ಟೆಂಬರ್ 20

ಅಮ್ಮ ಓದಿದರು. "ಇವರು ಹೇಳೋದು ಸರಿ, ಆದರೆ ನೀನು ಟೊಮೇಟೊ ಅಂತಲೇ ಹಠ ಮಾಡ್ತೀಯ" ಎಂದರು. ಒಂದು ಬ್ಯಾಗ್ ಹರಿವೆಗೆ ಬಿಟ್ಟುಕೊಟ್ಟಿದ್ದೇನೆ.

ಕೋಕೋಪೀಟ್ "ತೊಳೆದ" ಅಂದರೆ ಏನು? ಅದು ಇಟ್ಟಿಗೆ ಥರ ಬರುತ್ತದಲ್ಲ, ನೆನೆಸಿದರೆ ಸಾಕಲ್ವಾ?

ನಾರಿನ ಊರು (ತಿಪಟೂರು), ಸೆಪ್ಟೆಂಬರ್ 21

ಸಾಕಾಗೋದಿಲ್ಲ. ಇದಕ್ಕೆ ನಾನು ಉತ್ತರ ಕೊಡಲೇಬೇಕು, ನಾರಿನ ಫ್ಯಾಕ್ಟರಿಯಲ್ಲೇ ಕೆಲಸ ನನ್ನದು.

ತೆಂಗಿನ ಸಿಪ್ಪೆಯಿಂದ ನಾರು ತೆಗೆದಾಗ ಉದುರುವ ಪುಡಿಯೇ ಕೋಕೋಪೀಟ್. ಮೊದಲು ಇದನ್ನು ರಸ್ತೆ ಬದಿ ಗುಡ್ಡೆ ಹಾಕಿ ಸುಡುತ್ತಿದ್ದರು, ಈಗ ಇಟ್ಟಿಗೆ ಮಾಡಿ ಮಾರುತ್ತಾರೆ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ತೊಳೆಯದೆ ಬಳಸಿದರೆ ಸಸಿಯ ಎಲೆ ತುದಿ ಸುಡುತ್ತದೆ.

ಐದು ಕೆಜಿ ಇಟ್ಟಿಗೆ ನೆಂದರೆ ಸುಮಾರು ಎಪ್ಪತ್ತು ಲೀಟರ್ ಆಗುತ್ತದೆ. ನಿಮ್ಮ ಎಂಟು ಬ್ಯಾಗಿಗೆ ಒಂದೇ ಸಾಕು. ದೊಡ್ಡ ಟಬ್‌ನಲ್ಲಿ ನೆನೆಸಿ, ಗೋಣಿಚೀಲಕ್ಕೆ ತುಂಬಿ, ಮೇಲಿಂದ ನೀರು ಬಿಡಿ. ಮೊದಲು ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ. ಹಿಂಡಿ, ಮತ್ತೆ ಬಿಡಿ. ಮೂರನೇ ಸಲಕ್ಕೆ ತೆಳು ಟೀ ಬಣ್ಣಕ್ಕೆ ಬಂದರೆ ಸಾಕು. ಪ್ಯಾಕೆಟ್ ಮೇಲೆ "ಲೋ ಇಸಿ" (ಉಪ್ಪು ಕಮ್ಮಿ) ಎಂದಿದ್ದರೆ ಒಂದು ಸಲ ತೊಳೆದರೆ ಆಯಿತು.

ಇನ್ನೊಂದು, ಇದರಲ್ಲಿ ಗಿಡಕ್ಕೆ ಊಟ ಇಲ್ಲ. ನೀರು ಹಿಡಿದಿಡುತ್ತದೆ, ಗಾಳಿಗೆ ಜಾಗ ಕೊಡುತ್ತದೆ, ಅಷ್ಟೇ. ಬರೀ ಕೋಕೋಪೀಟ್ ತುಂಬಿ "ಗಿಡ ಹಳದಿ ಆಯಿತು" ಎನ್ನುವವರು ವಾರಕ್ಕೊಬ್ಬರು ಫೋನ್ ಮಾಡುತ್ತಾರೆ. ನಮ್ಮ ವ್ಯಾಪಾರಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆ, ಇರಲಿ.

ಸೈಟ್ ಇಂಜಿನಿಯರ್ (ಮೈಸೂರು), ಸೆಪ್ಟೆಂಬರ್ 21

ಎಲ್ಲರೂ ಮಣ್ಣಿನ ಸತ್ವದ ಬಗ್ಗೆ ಬರೆದಿರಿ, ತೂಕದ ಬಗ್ಗೆ ಒಬ್ಬರೂ ಬರೆಯಲಿಲ್ಲ. ಜನ ಓಡಾಡುವ ತಾರಸಿಗೆ ನಾವು ಚದರ ಮೀಟರಿಗೆ ಸುಮಾರು 150 ಕೆಜಿ ಭಾರ ಹಿಡಿದು ಲೆಕ್ಕ ಹಾಕುತ್ತೇವೆ. ಇಟ್ಟಿಗೆ ಕಟ್ಟಿ ಒಂದಡಿ ಮಣ್ಣು ತುಂಬಿದ ಪಾತಿ ಮಾಡಿದಿರಿ ಅಂದುಕೊಳ್ಳಿ. ಒದ್ದೆಯಾದಾಗ ಚದರ ಮೀಟರಿಗೆ 500 ಕೆಜಿ ದಾಟುತ್ತದೆ. ಹಾಗೆ ಮಾಡಿ ಕೆಳಗಿನ ಮನೆಯ ಸೂರು ಬಿರುಕು ಬಿಟ್ಟಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹನ್ನೆರಡು ಇಂಚಿನ ಬ್ಯಾಗ್ ಅಂದರೆ ಸುಮಾರು 20 ಲೀಟರ್. ಬರೀ ಮಣ್ಣಾದರೆ ಒದ್ದೆಯಾದಾಗ 30 ಕೆಜಿ ಮೇಲೆ. ಮೇಲಿನವರು ಹೇಳಿದ ಮಿಶ್ರಣವಾದರೆ 20ರ ಆಸುಪಾಸು. ಎಂಟು ಬ್ಯಾಗಿಗೆ ಏನೂ ಆಗದು. ಪ್ಯಾರಪೆಟ್ ಗೋಡೆಯ ಉದ್ದಕ್ಕೆ ಸಾಲಾಗಿ ಇಡಿ, ನಡುವೆ ಗುಂಪು ಮಾಡಬೇಡಿ. ಬ್ಯಾಗ್ ನೆಲಕ್ಕೆ ತಾಗದಂತೆ ಕೆಳಗೆ ಸ್ಟ್ಯಾಂಡ್ ಇರಲಿ. ಎಂಟು ಹದಿನೆಂಟಾಗುವುದು ನನಗೆ ಗೊತ್ತು, ಅದಕ್ಕೇ ಈಗಲೇ ಹೇಳಿದೆ.

ಸುಮ್ನೆ ಓದುವವ, ಸೆಪ್ಟೆಂಬರ್ 21

ಕೆರೆ ಹೂಳು ಹಾಕಬಹುದಾ? ನಮ್ಮ ತಾತ ಬೇಸಿಗೆಯಲ್ಲಿ ಗಾಡಿಗಟ್ಟಲೆ ಕೆರೆಗೋಡು ಹೊಲಕ್ಕೆ ಹೊಡೆಯುತ್ತಿದ್ದರು. (ಈ ಸಲ ತಮಾಷೆ ಅಲ್ಲ.)

ಹಳೇ ಫೀಲ್ಡ್‌ಮ್ಯಾನ್, ಸೆಪ್ಟೆಂಬರ್ 21

ನಿಮ್ಮ ತಾತನ ಕೆರೆಗೆ ಬರುತ್ತಿದ್ದದ್ದು ಮಳೆ ನೀರು. ಹಳ್ಳಿ ಕೆರೆಯಾದರೆ ಈಗಲೂ ಚಿನ್ನ. ಬೆಂಗಳೂರಿನ ಕೆರೆಗೆ ಚರಂಡಿ, ಕಾರ್ಖಾನೆ ನೀರು ಸೇರಿದೆ. ತಿನ್ನುವ ಗಿಡಕ್ಕೆ ಅದು ಬೇಡ.

ಮೂರನೇ ಮಹಡಿ, ಅಕ್ಟೋಬರ್ 3

ಮಣ್ಣು ಕಲಸಿ ಹನ್ನೊಂದು ದಿನ ಆಯಿತು. ಸಾಸಿವೆ ಪರೀಕ್ಷೆ ಮಾಡಿದೆ. ಮೊದಲ ಲೋಟ ಫೇಲ್. ಹುಟ್ಟಿತು, ಆದರೆ ನಾಲ್ಕನೇ ದಿನ ಬಾಡಿತು. ಎರಡನೇ ಲೋಟ ಇವತ್ತು ಹಾಕಿದ್ದೇನೆ.

ಬೀಜ ತಂದೆ. ಅರ್ಕ ರಕ್ಷಕ್ ಒಂದು ಪ್ಯಾಕೆಟ್. ಶಿರಸಿ ಅಕ್ಕ ಅಂಚೆಯಲ್ಲಿ ಕಳಿಸಿದ ನಾಟಿ ಟೊಮೇಟೊ ಬೀಜ ಬಂತು, ನ್ಯೂಸ್‌ಪೇಪರ್ ಪೊಟ್ಟಣದೊಳಗೆ ಇಪ್ಪತ್ತೆರಡು ಬೀಜ, ಒಂದು ಚಿಟಿಕೆ ಬೂದಿ. ಅಕ್ಕ, ಥ್ಯಾಂಕ್ಸ್ ಅಂದರೆ ಕಮ್ಮಿ. ಪ್ಯಾಕೆಟ್ ಬೀಜ ಪಿಂಕ್ ಬಣ್ಣ ಇದೆ. ಇದೇನು?

ಹಳೇ ಫೀಲ್ಡ್‌ಮ್ಯಾನ್, ಅಕ್ಟೋಬರ್ 3

ಶಿಲೀಂಧ್ರನಾಶಕದ ಲೇಪ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಲೇಪ ಇರುವ ಬೀಜವನ್ನು ನೆನೆಸಲೂ ಬೇಡಿ.

ಪ್ಯಾಕೆಟ್ ಹಿಂದೆ ತಿರುಗಿಸಿ. ಮೊಳಕೆ ಪ್ರಮಾಣ, ಪರೀಕ್ಷೆ ಮಾಡಿದ ದಿನ, ಯಾವಾಗಿನವರೆಗೆ ಎಂದು ಬರೆದಿರುತ್ತದೆ. ಟೊಮೇಟೊ ಬೀಜಕ್ಕೆ ಕನಿಷ್ಠ ಶೇ 70, ಮೆಣಸಿನಕಾಯಿಗೆ ಶೇ 60 ಮೊಳಕೆ ಇರಬೇಕು ಎಂಬುದು ಲೆಕ್ಕ. ಅಂದರೆ ಹತ್ತು ಮೆಣಸಿನ ಬೀಜದಲ್ಲಿ ನಾಲ್ಕು ಹುಟ್ಟದಿದ್ದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ದಿನಾಂಕ ಮುಗಿದದ್ದಾದರೆ ಮಾತ್ರ ಹೋಗಿ.

ಬ್ಯಾಗಿಗೆ ನೇರ ಬಿತ್ತಬೇಡಿ. ಸಸಿ ಟ್ರೇ, ಒಂದು ಗುಳಿಗೆ ಒಂದು ಬೀಜ, ಬೀಜದ ಎರಡರಷ್ಟು ಆಳ. ಟೊಮೇಟೊಗೆ ಒಂದು ವಾರ, ಮೆಣಸಿನಕಾಯಿಗೆ ಹತ್ತು ಹನ್ನೆರಡು ದಿನ. ಬೆಳಿಗ್ಗೆ ಮಾತ್ರ ನೀರು. ರಾತ್ರಿ ಸಸಿ ಒದ್ದೆ ತಲೆಯಲ್ಲಿ ಮಲಗಬಾರದು. 25ರಿಂದ 30 ದಿನಕ್ಕೆ ಸಸಿಯನ್ನು ಬ್ಯಾಗಿಗೆ ನೆಡಿ.

ಶಿರಸಿ ಅಕ್ಕ, ಅಕ್ಟೋಬರ್ 4

ಬೂದಿ ಸಮೇತ ಹಾಕಿ ತಮ್ಮಾ. ಕೈ ತೊಳೆಯುವುದು ಬೇಡ.

ಮೂರನೇ ಮಹಡಿ, ಡಿಸೆಂಬರ್ 11

ತಡವಾಗಿ ಬರೆಯುತ್ತಿದ್ದೇನೆ. ನವೆಂಬರ್ 6ಕ್ಕೆ ಸಸಿ ನೆಟ್ಟೆ. ರಕ್ಷಕ್ ನಾಲ್ಕು, ಅಕ್ಕನ ನಾಟಿ ಎರಡು, ಮೆಣಸಿನಕಾಯಿ ಒಂದು, ಹರಿವೆ ಒಂದು. ಹರಿವೆ ಆಗಲೇ ಎರಡು ಸಲ ಕೊಯ್ದಾಯಿತು. ಅಮ್ಮ ದಿನಾ ಸಂಜೆ ತಾರಸಿಗೆ ಹೋಗುತ್ತಾರೆ, ನಾನು ಕರೆಯದೆ.

ನಾಟಿ ಗಿಡ ಒಂದಕ್ಕೆ ತುದಿ ಎಲೆ ಸಣ್ಣಗಾಗಿ ಮೇಲಕ್ಕೆ ಮುದುಡಿದೆ. ಎಲೆ ಅಲುಗಿಸಿದರೆ ಬಿಳಿ ಹಿಟ್ಟು ಹಾರಿದ ಹಾಗೆ ಪುಟ್ಟ ನೊಣ. ಪಕ್ಕದ ರಕ್ಷಕ್ ಮೇಲೂ ಅದೇ ನೊಣ ಇದೆ, ಎಲೆಗೆ ಏನೂ ಆಗಿಲ್ಲ. ಕಿತ್ತುಬಿಡಲಾ?

ಹಳೇ ಫೀಲ್ಡ್‌ಮ್ಯಾನ್, ಡಿಸೆಂಬರ್ 11

ಮುಟುರು ರೋಗವೇ. ಕೀಳಿ. ಇದಕ್ಕೆ ಮದ್ದಿಲ್ಲ, ಇಟ್ಟುಕೊಂಡರೆ ಇನ್ನೊಂದಕ್ಕೂ ಅಂಟುತ್ತದೆ. ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ, ಗೊಬ್ಬರದ ಗುಂಡಿಗೆ ಬೇಡ. ಉಳಿದವಕ್ಕೆ ಹಳದಿ ಅಂಟು ಹಾಳೆ ಕಟ್ಟಿ. ವಾರಕ್ಕೊಂದು ಸಲ ಸಂಜೆ ಬೇವಿನ ಎಣ್ಣೆ, ಲೀಟರ್ ನೀರಿಗೆ ಐದು ಎಂಎಲ್, ಎರಡು ಹನಿ ಸೋಪು. ಎಲೆಯ ಅಡಿಭಾಗಕ್ಕೆ ಹೊಡೆಯಿರಿ, ನೊಣ ಕೂರುವುದು ಅಲ್ಲಿ.

ಶಿರಸಿ ಅಕ್ಕ, ಡಿಸೆಂಬರ್ 11

ಕೀಳಿ ತಮ್ಮಾ. ಸಾರ್ ಹೇಳಿದ್ದು ಸರಿ. ಇನ್ನೊಂದನ್ನು ಚೆನ್ನಾಗಿ ನೋಡಿಕೊಳ್ಳಿ.

ಮೂರನೇ ಮಹಡಿ, ಜನವರಿ 25

ಲೆಕ್ಕ ಒಪ್ಪಿಸುತ್ತೇನೆ. ರಕ್ಷಕ್ ನಾಲ್ಕು ಗಿಡದಿಂದ ಇಲ್ಲಿಯವರೆಗೆ ಐದೂಕಾಲು ಕೆಜಿ, ಇನ್ನೂ ಕಾಯಿ ಇದೆ. ಉಳಿದ ಒಂದು ನಾಟಿ ಗಿಡದಿಂದ 900 ಗ್ರಾಂ. ನಡುವೆ ಎರಡು ದಿನ ನೀರು ಮರೆತು ಆಮೇಲೆ ಒಮ್ಮೆಲೇ ಸುರಿದಿದ್ದಕ್ಕೆ ನಾಟಿ ಹಣ್ಣು ನಾಲ್ಕು ಬಿರಿದವು, ರಕ್ಷಕ್‌ನ ಮೂರು ಕಾಯಿಗೆ ಬುಡ ಕಪ್ಪಾಯಿತು.

ಭಾನುವಾರ ಅಮ್ಮ ಎರಡು ಪಾತ್ರೆಯಲ್ಲಿ ಸಾರು ಮಾಡಿದರು, ಯಾವುದು ಯಾವುದರದ್ದು ಎಂದು ಹೇಳದೆ ಬಡಿಸಿದರು. ಅಪ್ಪ ಎರಡನೇ ಪಾತ್ರೆಯದನ್ನು ಮತ್ತೆ ಹಾಕಿಸಿಕೊಂಡರು. ಅದು ನಾಟಿ. ಫೀಲ್ಡ್‌ಮ್ಯಾನ್ ಸರ್, ಕ್ಷಮಿಸಿ.

ಬಿರಿಯದ ಒಂದು ನಾಟಿ ಹಣ್ಣನ್ನು ಗಿಡದಲ್ಲೇ ಮೆತ್ತಗಾಗುವ ತನಕ ಬಿಟ್ಟು ಬೀಜಕ್ಕೆ ಎಂದು ಎತ್ತಿಟ್ಟಿದ್ದೇನೆ. ಅಕ್ಕ, ಗೋಡೆಗೆ ಸಗಣಿ ತಟ್ಟಿದರೆ ಓನರ್ ಮನೆ ಖಾಲಿ ಮಾಡಿಸುತ್ತಾರೆ. ಪೇಪರ್ ಮೇಲೆ ಒಣಗಿಸಿದರೆ ಆಗುತ್ತದಾ?

ಶಿರಸಿ ಅಕ್ಕ, ಜನವರಿ 25

ಪೇಪರಿಗೆ ಅಂಟಿಕೊಂಡರೆ ಬಿಡುವುದಿಲ್ಲ. ರಸದ ಸಮೇತ ಒಂದು ಲೋಟಕ್ಕೆ ಹಿಂಡಿ, ಎರಡು ದಿನ ಮುಚ್ಚಿಡಿ. ಹುಳಿ ವಾಸನೆ ಬಂದು ಮೇಲೆ ಬಿಳಿ ಕೆನೆ ಕಟ್ಟುತ್ತದೆ, ಹೆದರಬೇಡಿ. ತೊಳೆದಾಗ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಹರಡಿ. ಒಣಗಿದ ಮೇಲೆ ಪೊಟ್ಟಣ ಕಟ್ಟಿ. ಪೊಟ್ಟಣದ ಮೇಲೆ ವರ್ಷ ಬರೆಯುವುದನ್ನು ಮರೆಯಬೇಡಿ, ನಾನು ಪ್ರತಿಸಲ ಮರೆಯುತ್ತೇನೆ.

ಸುಮ್ನೆ ಓದುವವ, ಜನವರಿ 26

ಒಣಗಿದ ಮೇಲೆ ನನಗೂ ಹತ್ತು ಬೀಜ ಕಳಿಸಿ ಬ್ರದರ್. ಬಾಟಲಿಯಲ್ಲಿ ಮಣ್ಣು ಕುಲುಕಿ ಇಟ್ಟಿದ್ದೇನೆ, ಇವತ್ತು ಎರಡನೇ ದಿನ.